ಶಿಗ್ಗಾಂವಿಯ ಸಭೆಯಲ್ಲಿ ಬಯಲಾದ ಕೊಲೆ

ಮಾನ್ಯ ಓದುಗರೇ,

ಮೊಟ್ಟಮೊದಲು ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಅಂದವಾಗಿಲ್ಲ. ಒತ್ತಕ್ಷರಗಳಲ್ಲಿಯೂ ಮಹಾಪ್ರಾಣಗಳಲ್ಲಿಯೂ ಈಗಲೂ ಎಡವುತ್ತೇನೆ. ಶಿಗ್ಗಾಂವಿಯ ಒಂದು ಕಚೇರಿಯಲ್ಲಿ ಪತ್ರಗಳ ಕರಡು ಸಿದ್ಧಪಡಿಸುವುದು ನನ್ನ ಕೆಲಸ. ಅದರ ಹೊರತು ಬೇರೇನನ್ನೂ ಬರೆದವಳಲ್ಲ. ಆದ್ದರಿಂದ ಇದೂ ಒಂದು ಪತ್ರದಂತೆ ಕಂಡುಬಂದಲ್ಲಿ ಅನ್ಯಥಾ ಭಾವಿಸಬಾರದಾಗಿ ವಿನಂತಿ.

ವಿಷಯ: ನಮ್ಮ ಭಾಗದ ಪತ್ತೇದಾರಿ ಕಾದಂಬರಿಕಾರ್ತಿಯೊಬ್ಬರು ತಮ್ಮ ಹೊಸ ಕೃತಿಯ ಕುರಿತು ಮಾತನಾಡಿದ ದಿನ.

ಸದರಿ ಲೇಖಕಿಯವರು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ಹುಟ್ಟಿ ಹಾನಗಲ್ಲಿಗೆ ಸೊಸೆಯಾಗಿ ಬಂದವರು. ಶಿಗ್ಗಾಂವಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾರೆ. ನಾನೂ ಹಾನಗಲ್ಲಿನವಳೇ ಆದ್ದರಿಂದ ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಹೋಗುವುದು ರೂಢಿ. ಕಿಟಕಿ ಅವರಿಗೆ. ಬಂಕಾಪುರ ಬರುವವರೆಗೆ ಅವರು ಮಾತನಾಡುವುದಿಲ್ಲ, ಹೊರಗೆ ನೋಡುತ್ತ ಯೋಚಿಸುತ್ತಿರುತ್ತಾರೆ. ಅದನ್ನು ದಾಟಿದ ಮೇಲೆ ಕಥೆ.

ಹೊಸ ಕಾದಂಬರಿಯನ್ನು ನಾನು ಹೀಗೆಯೇ ಕಂತುಕಂತಾಗಿ ಕೇಳಿದೆ. ಸವಣೂರಿನ ಎಲೆಬಳ್ಳಿ ತೋಟದ ಯಜಮಾನನೊಬ್ಬ ತನ್ನದೇ ತೋಟದ ಬಾವಿಯಲ್ಲಿ ಹೆಣವಾಗಿ ಸಿಗುತ್ತಾನೆ. ಹೆಂಡತಿ, ಅಕ್ಕ, ವ್ಯಾಪಾರದ ಪಾಲುದಾರ, ಮೂವರ ಮೇಲೂ ಗುಮಾನಿ. ಕೊಂದವರು ಯಾರೆಂಬುದನ್ನು ಮಾತ್ರ ಅವರು ಬಾಯಿಬಿಡಲಿಲ್ಲ.

"ಅಕ್ಕಾರ, ಕಿವ್ಯಾಗರ ಹೇಳ್ರಿ. ಯಾರಿಗೂ ಹೇಳೂದಿಲ್ಲ," ಎಂದು ನಾನು ಪೀಡಿಸಿದ್ದುಂಟು.

"ನನ್ನ ಗಂಡಗ ಹೇಳಿಲ್ಲ, ನಿಮಗ ಹೇಳ್ಲೇನು? ಓದಿ ತಿಳಕೋರಿ. ಓದಕೋತ ನೀವು ಇಳಿಯೂ ಸ್ಟಾಪು ಮರೀಬೇಕು. ಹಂಗ ಬರದೇನಿ."

ಈ ಗುಟ್ಟಿಗೆ ಕಾರಣವಿತ್ತು. ಅವರ ಹಿಂದಿನ ಕಾದಂಬರಿಯಲ್ಲಿ ಕೊಲೆಗಾರ ಯಾರೆಂದು ಅರ್ಧಕ್ಕೇ ಊಹಿಸಿದೆವೆಂದು ಹಲವರು ಅವರ ಮುಖಕ್ಕೇ ಹೇಳಿದ್ದರು. ಅದು ಅವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಈ ಸಲ ಕೊನೆಯ ಪುಟದವರೆಗೆ ಯಾರಿಗೂ ತಿಳಿಯಕೂಡದು ಎಂಬುದೊಂದೇ ಹಟ. ಪ್ರತಿ ಅಧ್ಯಾಯವನ್ನೂ ಬೀಜಗಣಿತದ ಲೆಕ್ಕದಂತೆ ತಿದ್ದಿ ತಿದ್ದಿ ಬರೆದರು. ಅವರ ಆ ತಾಳ್ಮೆಯನ್ನು ನಾನು ಪಕ್ಕದಲ್ಲೇ ಕುಳಿತು ಕಂಡಿದ್ದೇನೆ.

ಬಿಡುಗಡೆ ಒಂದು ಭಾನುವಾರ, ಶಿಗ್ಗಾಂವಿಯ ಶಾಲೆಯೊಂದರ ಸಭಾಂಗಣದಲ್ಲಿ. ವಂದನಾರ್ಪಣೆಯನ್ನು ನನಗೆ ವಹಿಸಲಾಗಿತ್ತು. ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಿಕೊಂಡು ಹಿರೇಕೆರೂರಿನ ಪ್ರಕಾಶಕರು ಕುಳಿತಿದ್ದರು.

ನಮ್ಮ ಕಡೆಯ ಇಂಥ ಸಮಾರಂಭಗಳಲ್ಲಿ 'ಕೃತಿ ಪರಿಚಯ' ಎಂಬ ಭಾಷಣ ಇದ್ದೇ ಇರುತ್ತದೆ. ಪರಿಚಯಿಸುವವರು ಸಾರಾಂಶವನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ನಡುವೆ ನಿಲ್ಲಿಸಿದರೆ, ಬೆನ್ನುಡಿಯಷ್ಟನ್ನೇ ಓದಿ ಬಂದಿದ್ದಾರೆಂದು ಜನ ಆಡಿಕೊಳ್ಳುತ್ತಾರೆ. ಅಂದು ಆ ಹೊಣೆ ಹೊತ್ತವರು ನಿವೃತ್ತ ಕನ್ನಡ ಅಧ್ಯಾಪಕರು, ಲೇಖಕಿಗೆ ಸ್ವತಃ ಪಾಠ ಹೇಳಿದ ಗುರುಗಳು. ಯಾವ ಕೆಲಸವನ್ನೂ ಅರೆಬರೆ ಮಾಡಿದವರಲ್ಲ. ಅಧ್ಯಾಯದ ನಂತರ ಅಧ್ಯಾಯವನ್ನು ಸವಿಸ್ತಾರವಾಗಿ ಪರಿಚಯಿಸುತ್ತ ಹೋದರು. ಎಲ್ಲಿ ನಿಲ್ಲಿಸುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅವರು ನಿಲ್ಲಿಸಲಿಲ್ಲ.

"ಹೀಗೆ, ಒಡಹುಟ್ಟಿದ ಅಕ್ಕನೇ ತಮ್ಮನನ್ನು ಬಾವಿಗೆ ನೂಕಿದಳೆಂಬುದನ್ನು ಲೇಖಕಿ ಅಂತಿಮ ಅಧ್ಯಾಯದಲ್ಲಿ ಮಾರ್ಮಿಕವಾಗಿ ಚಿತ್ರಿಸಿದ್ದಾರೆ," ಎಂದು ಮುಗಿಸಿ, ತೃಪ್ತಿಯಿಂದ ನೀರು ಕುಡಿದರು.

ಪ್ರಕಾಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ಸಾಲಿನಿಂದ ಒಬ್ಬರು, "ಇನ್ನ ಪುಸ್ತಕ ಯಾಕ ಓದೂದ್ರಿ, ಸರ್ ಎಲ್ಲಾ ಹೇಳಿಬಿಟ್ರಲ್ಲ," ಎಂದರು. ಜನ ನಕ್ಕರು. ಆಗ ಗುರುಗಳಿಗೆ ತಾವು ಮಾಡಿದ್ದೇನೆಂಬುದು ಹೊಳೆಯಿತು. ಕೈಯಲ್ಲಿದ್ದ ಲೋಟವನ್ನು ಕೆಳಗಿಡುವುದೂ ಅವರಿಗೆ ತೋಚಲಿಲ್ಲ.

ಲೇಖಕಿಯವರು ಎದ್ದು ಆ ಲೋಟವನ್ನು ತಾವೇ ತೆಗೆದುಕೊಂಡರು.

"ಗುರುಗಳ, ಕುಂದರ್ರಿ. ಕಡೀತನಕ ಓದೀರಿ, ನನಗ ಅದ ದೊಡ್ಡದು."

ಬಳಿಕ ಮೈಕಿನ ಮುಂದೆ ನಿಂತರು. ಗುಟ್ಟನ್ನು ಕೊನೆಯವರೆಗೆ ಹೇಗೆ ಕಾಪಾಡಿದೆ ಎಂಬ ಬಗ್ಗೆಯೇ ಅವರು ಭಾಷಣ ಬರೆದು ತಂದಿದ್ದರು. ಆ ಹಾಳೆಗಳನ್ನು ಮಡಚಿ ಪರ್ಸಿನೊಳಗೆ ಇಟ್ಟರು.

"ರಾತ್ರಿ ದೊಡ್ಡಾಟ ನೋಡಾಕ ಹೋಗೂ ಮುಂದ ಯಾರು ಸಾಯ್ತಾರ ಅಂತ ನಮಗ ಗೊತ್ತ ಇರತೈತಿ. ಆದರೂ ಚಾಪಿ ಬಗಲಾಗ ಇಟ್ಕೊಂಡು ಹೋಗ್ತೇವಿ. ಹೌದಿಲ್ರಿ? ಕೊಂದಾಕಿ ಯಾರಂತ ನಿಮಗೆಲ್ಲಾರಿಗೂ ಗೊತ್ತಾತು. ಈಗ ಮೊದಲನೇ ಅಧ್ಯಾಯ ಓದತೇನಿ. ಕೇಳ್ರಿ."

ಓದತೊಡಗಿದರು. ಇನ್ಸ್‌ಪೆಕ್ಟರ್ ಸತ್ತವನ ಮನೆಗೆ ಬರುತ್ತಾನೆ. ಅಕ್ಕ ಕಣ್ಣೊರೆಸಿಕೊಂಡು ಕಂಬಳಿ ಹಾಸುತ್ತಾಳೆ. "ಇವತ್ತ ನಮ್ಮನ್ಯಾಗ ಒಲಿ ಹಚ್ಚೂದಿಲ್ರಿ ಸಾಹೇಬ್ರ. ಬಾಜೂ ಮನ್ಯಾಗಿಂದ ಮಜ್ಜಿಗಿ ತರಿಸೇನಿ, ಕುಡೀರಿ. ಬಿಸಲಾಗ ಬಂದೀರಿ," ಎನ್ನುತ್ತಾಳೆ. ಆತ ಲೋಟ ಎತ್ತುತ್ತಾನೆ. ಆಕೆ ಪಕ್ಕದಲ್ಲಿ ನಿಂತು, "ಉಪ್ಪು ಸಾಕಾತೇನ್ರಿ?" ಎಂದು ಕೇಳುತ್ತಾಳೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ತಡೆಯಲಾರದೆ, "ಕುಡೀಬ್ಯಾಡೋ ಯಪ್ಪಾ," ಎಂದುಬಿಟ್ಟರು.

ಸಭೆ ಒಮ್ಮೆ ನಕ್ಕಿತು. ಮರುಕ್ಷಣ ಎಲ್ಲರೂ ಮುಂದಕ್ಕೆ ಬಾಗಿ ಕೇಳತೊಡಗಿದರು. ಮಜ್ಜಿಗೆಯಲ್ಲಿ ಏನೂ ಇರಲಿಲ್ಲ. ಅದು ನಿಜವಾಗಿಯೂ ಬರಿ ಮಜ್ಜಿಗೆ. ಆದರೆ ಆಕೆ ತೋರಿದ ಒಂದೊಂದು ಉಪಚಾರಕ್ಕೂ ನಮ್ಮ ಬೆನ್ನು ತಣ್ಣಗಾಗುತ್ತಿತ್ತು. ಅಧ್ಯಾಯ ಮುಗಿದಾಗ, ಪುಸ್ತಕ ಯಾಕೆ ಓದಬೇಕೆಂದಿದ್ದ ಆ ಹಿಂದಿನ ಸಾಲಿನವರೇ ಎದ್ದು, "ತಮ್ಮಂದು ಏನ್ ತಪ್ಪಿತ್ರಿ? ಯಾಕ ಕೊಂದ್ಳು?" ಎಂದು ಕೇಳಿದರು.

"ಅದನ್ನ ಗುರುಗಳು ಹೇಳಿಲ್ಲ. ನಾನೂ ಹೇಳೂದಿಲ್ಲ," ಎಂದು ಲೇಖಕಿಯವರು ಕುಳಿತರು.

ನನ್ನ ವಂದನಾರ್ಪಣೆಯನ್ನು ಯಾರೂ ಕೇಳಿಸಿಕೊಂಡಂತಿಲ್ಲ. ಎಲ್ಲರೂ ಬಾಗಿಲ ಬಳಿಯ ಮೇಜಿನ ಸುತ್ತ ಇದ್ದರು. ಪ್ರಕಾಶಕರು ಕನ್ನಡಕ ಮತ್ತೆ ಹಾಕಿಕೊಂಡಿದ್ದರು.

ಸಂಜೆ ಬಸ್ಸಿನಲ್ಲಿ, "ಬ್ಯಾಸರಾಗಲಿಲ್ಲೇನ್ರಿ?" ಎಂದು ಕೇಳಿದೆ.

"ಆತ್ರಿ. ಎದಿ ಧಸಕ್ಕಂತು."

"ಗುರುಗಳ ಮ್ಯಾಲೆ ಸಿಟ್ಟು?"

"ಅವರ ಕೈಯಾಗಿನ ಪುಸ್ತಕ ನೋಡಿದ್ರೇನು? ಪುಟಪುಟಕ್ಕ ಪೆನ್ಸಿಲ್‌ಲೆ ಗೆರಿ ಹೊಡದಾರ. ಸಿಟ್ಟು ಹ್ಯಾಂಗ ಬರಬೇಕು?" ಆಮೇಲೆ, "ಗೊತ್ತಾಗಬಾರದು ಅಂತಷ್ಟ ನಾ ಒದ್ದಾಡಿದ್ದು. ಗೊತ್ತಾದ ಮ್ಯಾಲೆ ಪುಸ್ತಕ ನಿಲ್ತೈತೋ ಬೀಳ್ತೈತೋ ಅನ್ನೂದು ತಲ್ಯಾಗ ಇದ್ದಿದ್ದಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನಾನು ಅದೇ ಪುಸ್ತಕವನ್ನು ತೆರೆದೆ. ಕೊಂದವಳು ಯಾರೆಂದು ತಿಳಿದೇ ಓದುತ್ತಿದ್ದೆ. ತಲೆ ಎತ್ತಿದಾಗ ಪಕ್ಕದ ಸೀಟು ಖಾಲಿ. ಬಸ್ಸು ಶಿಗ್ಗಾಂವಿ ದಾಟಿ ಗೊಟಗೋಡಿಯಲ್ಲಿ ನಿಂತಿತ್ತು. ಅವರು ನನ್ನನ್ನು ಎಚ್ಚರಿಸದೆ ಮೆಲ್ಲಗೆ ದಾಟಿಕೊಂಡು ಇಳಿದುಹೋಗಿದ್ದರು. ಸಂಜೆ ಕೇಳಿದರೆ, "ಲೆಕ್ಕ ತಾಳೆ ಆಗತೈತೋ ಇಲ್ಲೋ ನೋಡಬೇಕಿತ್ರಿ," ಎಂದು ನಕ್ಕರು. ಹಿಂದಿನ ದಿನವೆಲ್ಲ ಅವರ ಮುಖದಲ್ಲಿ ಕಾಣದಿದ್ದ ನಗು ಅದು. ಕಚೇರಿಗೆ ತಡವಾಗಿ ಬಂದುದಕ್ಕೆ ನಾನು ವೈಯಕ್ತಿಕ ಕಾರಣವೆಂದು ಬರೆದುಕೊಟ್ಟೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಾವೇ ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ. ಕೊಲೆ ಮಾಡಿದವರು ಯಾರೆಂದು ಬರೆದಿರುವುದನ್ನು ಮಾತ್ರ ಹೊಡೆದುಹಾಕಬಾರದು. ಅದಕ್ಕೆ ಲೇಖಕಿಯವರ ಅನುಮತಿ ಪಡೆದಿದ್ದೇನೆ.