ಧೂಳಪ್ಪನ ಹೋಲಿಕೆಯ ನಕ್ಷತ್ರ

ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಕೂಗುವವರು ಒಬ್ಬೊಬ್ಬರಾಗಿ ಇಲ್ಲವಾದ ಮೇಲೆ ಹೆಸರೂ ತುಕ್ಕು ಹಿಡಿದು ಮೂಲೆ ಸೇರಿತು. ಕೆಲಸದ ಜಾಗದಲ್ಲಿ ಎಲ್ಲರಿಗೂ ಅವನು ಧೂಳಪ್ಪ. ಲೋಕವೆಲ್ಲ ಧೂಳು ಕಂಡರೆ ಮೂಗು ಮುಚ್ಚಿಕೊಳ್ಳುತ್ತದೆ. ಇವನೊಬ್ಬ ಧೂಳು ಕಂಡಲ್ಲಿ ಕಣ್ಣಿಡುವವನು.

ಆಕಾಶದ ಒಂದು ಮೂಲೆಯಲ್ಲಿ ದಟ್ಟ ಧೂಳಿನ ಮೋಡವಿತ್ತು. ಎಂಥ ಧೂಳೆಂದರೆ, ಬೆಳಕಿನ ಕಿರಣವೊಂದು ಒಳಹೊಕ್ಕರೆ ಮೊಮ್ಮಕ್ಕಳಾದ ಮೇಲೆ ಊರುಗೋಲು ಹಿಡಿದೇ ಹೊರಬರಬೇಕು. ಅದರ ಹಿಂದೆ ನಕ್ಷತ್ರಗಳದೊಂದು ಗುಚ್ಛ, ಎಲ್ಲವೂ ಒಡಹುಟ್ಟಿದವು. ಬರಿಗಣ್ಣಿಗೆ ಅಲ್ಲಿ ಬರೀ ಮಸಿ. ಆದರೆ ಅವಕೆಂಪು ಎಂಬ ಬೆಳಕಿದೆ, ಕೆಂಪಿನಿಂದಾಚೆಯದು. ಕಣ್ಣಿಗೆ ಕಾಣದಿದ್ದರೂ ಧೂಳಿನಲ್ಲಿ ನುಸುಳಿ ಬರುವಂಥದು. ಅದನ್ನು ಹಿಡಿಯುವ ಕ್ಯಾಮೆರಾ ದೂರದ ಬೆಟ್ಟದ ಮೇಲೆ ದೂರದರ್ಶಕದ ಬೆನ್ನಿಗೆ ಅಂಟಿಕೊಂಡಿತ್ತು. ತನ್ನ ಮೈಬಿಸಿಯೇ ಚಿತ್ರ ಕೆಡಿಸೀತೆಂದು ಅದನ್ನು ಸದಾ ತಣ್ಣಗಿಡಬೇಕು. ಎಷ್ಟು ತಣ್ಣಗೆಂದರೆ, ಅದರೆದುರು ಯಾರಾದರೂ ಸುಳ್ಳಾಡಿದರೆ ಆ ಸುಳ್ಳು ಹೆಪ್ಪುಗಟ್ಟಿ ಆಡಿದವರ ಕಾಲ ಮೇಲೇ ಬೀಳುತ್ತಿತ್ತಂತೆ.

ಚಿತ್ರಗಳು ಬೆಟ್ಟದಿಂದ ಇಳಿದು ಧೂಳಪ್ಪನ ನೆಲಮಾಳಿಗೆಗೆ ಬರುತ್ತಿದ್ದವು. ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಯಾಚೆ ನೀರಿನ ಪಂಪು ಹಗಲೆಲ್ಲ ಗೊಣಗುತ್ತಿತ್ತು. ಮಾತಾಡಲು ಬೇರಾರೂ ಇಲ್ಲದ್ದರಿಂದ ಇವನು ಒಮ್ಮೊಮ್ಮೆ ಅದಕ್ಕೇ ಹೂಂಗುಟ್ಟುತ್ತಿದ್ದ. ಬೆಳಕು ಏರಿಳಿಯುವ ನಕ್ಷತ್ರವನ್ನು ಆ ಗುಂಪಿನಲ್ಲಿ ಹುಡುಕುವುದೇ ಅವನ ಕೆಲಸ. ತೆಳುಮೋಡ ಅಡ್ಡಬಂದರೆ ಎಲ್ಲವೂ ಮಂಕಾಗುತ್ತವಲ್ಲ, ಹಾಗಾಗಿ ಅಲುಗಾಡದ ಒಂದನ್ನು ಆರಿಸಿಕೊಂಡು ಮಿಕ್ಕವನ್ನು ಅದಕ್ಕೆ ಹೋಲಿಸಿ ಅಳೆಯಬೇಕು. ಗುಚ್ಛದ ಅಂಚಿನಲ್ಲಿ ಒಂಟಿಯಾಗಿ, ದಪ್ಪಗೆ, ಯಾರ ಗೊಡವೆಗೂ ಹೋಗದ ಒಂದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅದನ್ನು ಆರಿಸಿಕೊಂಡಿದ್ದ. 'ಗೋಡೆಗೆ ಹೊಡೆದ ಮೊಳೆ' ಎನ್ನುತ್ತಿದ್ದ. ಮೊಳೆಯನ್ನು ಯಾರಾದರೂ ದಿನಾ ಅಲ್ಲಾಡಿಸಿ ನೋಡುತ್ತಾರೆಯೇ?

ಬದುಕಿನಲ್ಲೂ ಅವನಿಗೊಂದು ಮೊಳೆಯಿತ್ತು: ಅವನನ್ನು ಸಾಕಿ ಬೆಳೆಸಿದ ಅಕ್ಕ. ಅದೇ ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಬದಲಿಸಿದರೆ ಸಿಗುವ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬಳೇ ಇದ್ದಳು. ಹೋಗಬೇಕು, ಹೋಗಬೇಕು ಎನ್ನುವುದರಲ್ಲೇ ವರ್ಷ ಉರುಳಿತ್ತು. ಸಂಜೆ ಫೋನು ಮಾತ್ರ ತಪ್ಪುತ್ತಿರಲಿಲ್ಲ.

"ಹೇಗಿದ್ದೀಯಕ್ಕ?"

"ನನಗೇನು ಕಣೋ, ಗುಂಡುಕಲ್ಲು."

ಅಲ್ಲಿಗೆ ಅವಳ ಸರದಿ ಮುಗಿಯುತ್ತಿತ್ತು. ಮುಂದಿನದೆಲ್ಲ ಇವನ ಪುರಾಣ.

ಎಷ್ಟೋ ವರ್ಷ ಬರಿಗೈಲಿ ಕೂತವನಿಗೆ ಕೊನೆಗೊಂದು ದಿನ ಗುಚ್ಛದ ನಟ್ಟನಡುವಿನ ನಕ್ಷತ್ರವೊಂದರ ಬೆಳಕು ನಿಧಾನವಾಗಿ ಹಿಗ್ಗುತ್ತಿರುವುದು ಕಂಡಿತು. ಅದೊಂದು ನಿಜವಾದರೆ ಅವನ ಬಾಳು ದಂಡವಾಗಲಿಲ್ಲವೆಂದು ಲೆಕ್ಕ. ಪಂಪಿಗೆ ಹೇಳಿದ. ಸಾಲದೆನಿಸಿ ಅಕ್ಕನಿಗೆ ಹೇಳಿದ.

ಮರುದಿನ ಅಕ್ಕ ಅಂದಳು, "ಇಡೀ ಕಟ್ಟಡಕ್ಕೆ ಹೇಳಿಬಿಟ್ಟೆ. ಕೆಳಗಿನ ದರ್ಜಿಯಂತೂ ಟೇಪು ಬದಿಗಿಟ್ಟು ಬಾಯಿಬಿಟ್ಕೊಂಡು ಕೇಳಿದ."

ಧೂಳಪ್ಪ ಉಬ್ಬಿ ಹೋದ. ಅಕ್ಕನ ಬಾಯಿಗೆ ಬಿದ್ದ ಸುದ್ದಿ ಬೆಳಕಿಗಿಂತ ಬೇಗ ಓಡುತ್ತದೆಂಬುದು ಅವನೊಬ್ಬನೇ ಕಂಡ ವಿಜ್ಞಾನ.

ಆ ವಾರವೇ, ಕ್ಯಾಮೆರಾ ತಣ್ಣಗಿಡುವ ಹೊಣೆ ಹೊತ್ತ ಎಂಜಿನಿಯರಮ್ಮ ಬೆಟ್ಟದಿಂದ ಬಂದವಳು ನೆಲಮಾಳಿಗೆಗೆ ಇಳಿದಳು. ಅವನ ಪರದೆಯನ್ನು ನೋಡಿ, "ಚೆನ್ನಾಗಿದೆ. ಅಕ್ಕಪಕ್ಕದವನ್ನೂ ಅಳೆದ್ರಾ?" ಎಂದಳು.

"ಅವು ಸುಮ್ಮನಿರೋವು."

"ಸುಮ್ಮನಿರೋದನ್ನೂ ಒಂದ್ಸಲ ನೋಡಿ ಸಾರ್. ಏನು ಕಚ್ಚುತ್ವಾ?"

ಅಳೆದ. ಎಡಗಡೆಯದು ಹಿಗ್ಗುತ್ತಿತ್ತು. ಬಲಗಡೆಯದೂ ಹಿಗ್ಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ಗುಚ್ಛವೇ ಯಾರದೋ ಚಪ್ಪಾಳೆಗೆ ಎದ್ದು ನಿಂತ ಸಭೆಯಂತೆ ಒಟ್ಟಿಗೆ ಮೇಲೇಳುತ್ತಿತ್ತು. ಇಷ್ಟೂ ನಕ್ಷತ್ರಗಳು ಮಾತಾಡಿಕೊಂಡು ಬೆಳಗಲು ಅವೇನು ಯೂನಿಯನ್ ಕಟ್ಟಿವೆಯೇ? ಯಾವುದೂ ಹಿಗ್ಗಿರಲಿಲ್ಲ. ಮೊಳೆ ಮಂಕಾಗುತ್ತಿತ್ತು. ಅದು ಕುಗ್ಗಿದಷ್ಟೂ ಅದಕ್ಕೆ ಹೋಲಿಸಿದವೆಲ್ಲ ಏರಿದಂತೆ ಕಂಡಿದ್ದವು.

"ಬೇಜಾರ್ಯಾಕೆ? ಏರಿಳಿಯೋದು ಸಿಕ್ತಲ್ಲ, ಹಿತ್ತಿಲ ಬಾಗಿಲಿಂದ ಬಂತು ಅಷ್ಟೆ," ಎಂದು ಆಕೆ ಮತ್ತೆ ಬೆಟ್ಟಕ್ಕೆ ಹೋದಳು.

ಅವನ ಚಿಂತೆಯೇ ಬೇರೆ. ಅಕ್ಕ ಊರಿಗೆಲ್ಲ ಸಾರಿದ್ದು ತಪ್ಪು ನಕ್ಷತ್ರ. ಇನ್ನು ಅವಳ ಮರ್ಯಾದೆ? ಫೋನಿನಲ್ಲಿ ಹೇಳುವ ಮಾತಲ್ಲವೆಂದು ಮರುದಿನ ರಜೆ ಹಾಕಿ ಹೊರಟ.

ಮೆಟ್ಟಿಲ ಬುಡದಲ್ಲೇ ದರ್ಜಿಯ ಅಂಗಡಿ. ಅವನು ಕೇಳುವ ಮೊದಲೇ ಒಪ್ಪಿಸಿಬಿಡೋಣವೆಂದು ಧೂಳಪ್ಪ ಗಂಟಲು ಸರಿಮಾಡಿಕೊಂಡ. "ಆ ನಕ್ಷತ್ರದ ವಿಷಯ... ಅದು ನನ್ನ ತಪ್ಪು."

ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದ. "ಯಾವ ನಕ್ಷತ್ರ?"

"ಮೇಲಿನ ಮನೆ ಅಕ್ಕ ಹೇಳಿರಬೇಕಲ್ಲ."

"ಅವರಾ? ಕೆಳಗಿಳಿದು ಯಾವ ಕಾಲ ಆಯ್ತೋ. ಮೊಣಕಾಲು ಪೂರ್ತಿ ಹೋಗಿದೆ. ಕಿಟಕಿಯಿಂದ ಚೀಲ ಇಳಿಬಿಡ್ತಾರೆ, ಒಳಗೊಂದು ಚೀಟಿ. ಸಾಮಾನು ಹಾಕಿ ಹಗ್ಗ ಅಲ್ಲಾಡಿಸ್ತೀನಿ. ಅಷ್ಟೇ ನಮ್ಮಿಬ್ಬರ ಮಾತುಕತೆ. ತಾವು ಯಾರಾಗಬೇಕು?"

"ತಮ್ಮ."

"ಓ," ಎಂದ ದರ್ಜಿ. ಸೂಜಿ ಬಟ್ಟೆಗೆ ಚುಚ್ಚಿಟ್ಟು, "ಎಲ್ಲೋ ಪರದೇಶದಲ್ಲಿದ್ದೀರಿ ಅಂದ್ಕೊಂಡಿದ್ದೆ," ಎಂದ.

ಆ ಕಟ್ಟಡಕ್ಕೆ ಮೂರೇ ಮಹಡಿ. ಅಂದು ಮಾತ್ರ ಯಾರೋ ನಡುವೆ ಇನ್ನೊಂದು ಮೂವತ್ತು ಸೇರಿಸಿಟ್ಟಿದ್ದರು.

ಬೆಲ್ಲು ಒತ್ತಿದ ಮೇಲೆ ಒಳಗೆ ಕುರ್ಚಿ ಎಳೆದ ಸದ್ದು, ಗೋಡೆ ಸವರಿಕೊಂಡು ಬರುವ ಕೈಯ ಸದ್ದು. ಬಾಗಿಲು ತೆರೆಯಿತು. ಅಕ್ಕ ಅರ್ಧವಾಗಿದ್ದಳು.

"ಮುಖ ಯಾಕೋ ಹಂಗಿದೆ? ನಕ್ಷತ್ರ ಕೈಕೊಡ್ತಾ?"

"ಅದು ನೆಟ್ಟಗೇ ಇತ್ತು. ನಾನು ಗಟ್ಟಿ ಅಂತ ನಂಬಿದ್ದೇ ಮಂಕಾಗ್ತಾ ಇತ್ತು."

"ಅದನ್ನ ಅಳೀಲಿಲ್ವಾ?"

"ಅದರಿಂದಲೇ ಮಿಕ್ಕದ್ದೆಲ್ಲ ಅಳೀತಿದ್ದೆ. ಅದನ್ನೂ ಅಳೀಬೇಕು ಅಂತ ಹೊಳೀಲಿಲ್ಲ."

ಅಕ್ಕ ಕಿಟಕಿಯ ಬಳಿಯ ಕುರ್ಚಿಗೆ ಹೋಗಿ ಕೂತಳು. ಆ ಕೋಣೆಯಲ್ಲಿ ಸವೆದ ಕುರ್ಚಿ ಅದೊಂದೇ. ಉಳಿದವುಗಳ ಮೇಲೆ ಧೂಳು ಕೂತಿತ್ತು. ಧೂಳಿನ ಬಗ್ಗೆ ಊರಿಗೆಲ್ಲ ಹೇಳಬಲ್ಲವನು ಅದನ್ನು ನೋಡುತ್ತ ನಿಂತ.

"ದರ್ಜಿ ಸಿಕ್ಕಿದ್ದ," ಎಂದ.

"ಅವನಿಗೆ ಹೊಲಿಗೆಗಿಂತ ಬಾಯಿ ಜಾಸ್ತಿ."

"ದಿನಾ ಗುಂಡುಕಲ್ಲು ಅಂತಿದ್ದೆಯಲ್ಲಕ್ಕ."

"ಮತ್ತೇನು? ಗುಂಡುಕಲ್ಲು ಮೆಟ್ಟಿಲಿಳಿಯೋದನ್ನ ಎಲ್ಲಾದ್ರೂ ಕಂಡಿದ್ದೀಯಾ? ಇಳಿದ್ರೆ ಉರುಳ್ಕೊಂಡೇ ಇಳೀಬೇಕು." ತನ್ನ ಮಾತಿಗೆ ತಾನೇ ನಕ್ಕಳು. ನಗು ಅರ್ಧದಲ್ಲೇ ನಿಂತಿತು. "ನೀನು ಅಷ್ಟು ಖುಷಿಯಾಗಿದ್ದೆ. ಯಾರಿಗೂ ಹೇಳಲಿಲ್ಲ ಅನ್ನೋಕೆ ಮನಸ್ಸಾಗಲಿಲ್ಲ."

ಆ ಸುಳ್ಳು ಹೆಪ್ಪುಗಟ್ಟಿ ಬಿದ್ದದ್ದು ಧೂಳಪ್ಪನ ಕಾಲ ಮೇಲೆ.

ಅವನು ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿದ್ದ ಚೀಲ ತೆಗೆದು ಹಗ್ಗ ಬಿಚ್ಚಿ ಕಿಟಕಿಯಿಂದ ಇಳಿಬಿಟ್ಟ. ಗೋಡೆಗೆ ಎರಡು ಸಲ ಬಡಿದು ಅದು ಕೆಳಗೆ ಮುಟ್ಟಿತು. ದರ್ಜಿ ಹೊರಗೆ ಬಂದು ಚೀಲದೊಳಗೆ ಕೈಯಾಡಿಸಿ, ಚೀಟಿ ಸಿಗದೆ ತಲೆಯೆತ್ತಿದ. ಎರಡು ತಲೆ ಕಂಡವು.

"ಇವತ್ತು ಎಷ್ಟು ಜನಕ್ಕೆ?" ಎಂದು ಕೂಗಿದ.

ಅಕ್ಕ ತಮ್ಮನ ಮುಖ ನೋಡಲಿಲ್ಲ. ಅವನ ಕಾಲಲ್ಲಿ ಇನ್ನೂ ಇದ್ದ ಬೂಟುಗಳನ್ನು ನೋಡುತ್ತಿದ್ದಳು. ಅವನು ಹಗ್ಗವನ್ನು ಅವಳ ಕೈಗೆ ಕೊಟ್ಟು, ಬಗ್ಗಿ ಲೇಸು ಬಿಚ್ಚತೊಡಗಿದ.