ಕಂಪ್ರೆಸರ್ ಮ್ಯಾಲೆ ಒಡದ ಕಾಯಿ

ಕಾಕಾನ ಹೆಸರು ಕೆಡತೈತಿ, ಇದನ್ನ ಯಾರ ಮುಂದೂ ಹೇಳಬ್ಯಾಡ ಅಂತ ಅಜ್ಜಿ ಆಣಿ ಹಾಕಿಸಿದ್ದಳು. ಇವತ್ತ ಮೊದಲನೇ ಸಲ ಹೇಳಾಕತ್ತೇನಿ.

ಸಂಶಿ ಅನ್ನೂ ಊರಾಗ ನಮ್ಮ ಕಾಕಾನ ಗ್ಯಾರೇಜು. ಹುಬ್ಬಳ್ಳಿ ಡಾಕ್ಟರ ಹಳೇ ಕಾರಿನ ಏಸಿ ಕಂಪ್ರೆಸರ್ ಕೆಟ್ಟಿತ್ತು. ಹೊಸಾದನ್ನ ಅವರೇ ಮುಂಬಯಿಂದ ತರಿಸಿದ್ರು. ಕಾಕಾಗ ಏಸಿ ಕೆಲಸ ಅದೇ ಮೊದಲು. "ಇದೊಂದ ಛಲೋ ಆದ್ರ ಹುಬ್ಬಳ್ಳಿ ಕಾರೆಲ್ಲಾ ಇಲ್ಲೇ ಬರ್ತಾವ" ಅಂತಿದ್ದ. ಕಂಪ್ರೆಸರ್ ಜೋಡಿ ಬಂದ ಇಂಗ್ಲಿಷ್ ಪುಸ್ತಕ ಓದಿ ಹೇಳಾಕ ನನ್ನ ಬಾಜೂಕ ಕೂಡಿಸ್ಕೊಂಡಿದ್ದ.

ಹೊಸಾ ಸಾಮಾನ ಪೂಜಾ ಇಲ್ಲದ ಹೆಂಗ ಹಚ್ಚೂದು? ಕಾಕಾ ಕಂಪ್ರೆಸರಿನ ಮುಚ್ಚಳಾ ಬಿಚ್ಚಿ, ಕುಂಕುಮ ಹಚ್ಚಿ, ಅದರ ಮ್ಯಾಲೇ ಕಾಯಿ ಒಡದ. ನೀರು ತೂತಿನೊಳಗ ಇಳೀತು.

ನೀರಿನ ಬಗ್ಗೆ ಪುಸ್ತಕದಾಗ ಇದ್ದ ಸಾಲು ನಾ ಮೊದಲೇ ಓದಿದ್ದೆ. ಆ ಹಾಳಿ ಮ್ಯಾಲೆ ಕೈ ಇಟ್ಟು ಮುಚ್ಚಿದೆ.

ಕಾರಿನ ಬಾಜೂಕ ನಿಂತಿದ್ದ ಡಾಕ್ಟರು ನನ್ನ ಮಾರಿ ನೋಡಿದ್ರು. "ಏನ ಬರದೈತಿ ತಂಗಿ? ಜೋರಾಗಿ ಓದು."

"ಒಳಗ ಒಂದ ಹನಿ ನೀರೂ ಹೋಗಬಾರದಂತ್ರಿ."

ಕಾಕಾ ನಕ್ಕ. "ದೇವರ ನೀರ್ರಿ ಸಾಹೇಬ್ರ, ಏನೂ ಆಗಂಗಿಲ್ಲ."

"ಇನ್ನೊಂದ ಕಂಪ್ರೆಸರ್ ದೇವರು ತರಿಸಿ ಕೊಡ್ತಾನೇನು?" ಅಂದವರೇ, ಅದನ್ನ ಎತ್ತಿ ಕಾರಿನಾಗ ಒಗದು ಹೊಂಟಬಿಟ್ರು.

ಕಾಕಾ ಖೋಲಿಯೊಳಗ ಹೋಗಿ ಬಾಗಲಾ ಹಾಕ್ಕೊಂಡ.

ಪುಸ್ತಕದ ಮುಂದಿನ ಹಾಳ್ಯಾಗ ನೀರು ಹೊಕ್ಕರ ಏನ ಮಾಡಬೇಕು ಅನ್ನೂದೂ ಇತ್ತು. ಬಾಗಲದ ಸಂದಿಗೆ ಬಾಯಿ ಇಟ್ಟು ಎಲ್ಲಾ ಕನ್ನಡದಾಗ ಓದಿದೆ.