ಬದುಕಿದ ಮನೆಯ ತೂತುಕಾಸು

ಅಜ್ಜಂಪುರದ ಸಂತೆಮಾಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಈರುಳ್ಳಿ ಮೂಟೆ ಇಳಿಸುವವರ ಗದ್ದಲದ ನಡುವೆ ವಜೀರ್ ಸಾಬರು ಹುಣಸೆಮರದ ಬುಡದಲ್ಲಿ ಗೋಣಿತಾಟು ಹಾಸಿ ಹಳೆಯ ಚಿಲ್ಲರೆ ಹರಡುತ್ತಿದ್ದಾರೆ. ಅಂಚು ಸವೆದ ಕಾಲಾಣೆ, ಚೌಕದ ಎರಡಾಣೆ, ನಡುವೆ ತೂತಿರುವ ತಾಮ್ರದ ಕಾಸು. ಅಂಗಡಿಗೆ ಒಯ್ದರೆ ಒಂದು ಬೆಂಕಿಪೊಟ್ಟಣವೂ ಬಾರದು. ಇದನ್ನೂ ಕೊಳ್ಳುವವರಿದ್ದಾರೆಯೇ ಎಂದು ಮೂಗು ಮುರಿಯಬೇಡಿ. ಇದ್ದಾರೆ, ಅವರಿಂದಲೇ ಸಾಬರ ಮನೆಯ ಒಲೆ ಉರಿಯುತ್ತಿದೆ.

ಕೈ ಕಾಸಿನ ಮೇಲಿದ್ದರೂ ಸಾಬರ ಕಣ್ಣು ಬುಕ್ಕಾಂಬುಧಿಯ ದಾರಿಯ ಮೇಲಿದೆ. ಅಲ್ಲಿಂದ ಈರಕ್ಕ ಎಂಬಾಕೆ ಬರಬೇಕು. ಬೇಸಿಗೆಯಲ್ಲೇ ಬರಬೇಕಾಗಿತ್ತು. ಈಗ ಎಪ್ಪತ್ತೊಂಬತ್ತರ ಚಳಿಗಾಲವೂ ಬಂತು, ಅವಳ ಸುಳಿವಿಲ್ಲ.

ತರೀಕೆರೆಯ ವಜೀರ್ ಸಾಬರು ಮೊದಲು ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಪಾತ್ರೆ ಬಂದದ್ದೇ ತಡ, ತಿದಿ ಮೂಲೆ ಸೇರಿತು. ಕಲಾಯಿ ಹಾಕಿಸಿಕೊಂಡ ಮುದುಕಿಯರು ಗಡಿಗೆಯ ತಳದಿಂದ ತೆಗೆದುಕೊಟ್ಟ, ಚಲಾವಣೆ ನಿಂತ ಕಾಸನ್ನು ಬೇಡವೆನ್ನಲಾರದೆ ಇಟ್ಟುಕೊಂಡಿದ್ದರಲ್ಲ, ಅದೇ ಈ ವ್ಯಾಪಾರದ ಬಂಡವಾಳವಾಯಿತು. ಈಗ ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳೇ ಅವರ ಅಂಗಡಿ. ಮನೆ ಕಟ್ಟುವವರು ಪಾಯಕ್ಕೆ ಹಾಕಲು ಒಂದೆರಡು ಒಯ್ಯುತ್ತಾರೆ, ಹೆಂಗಸರು ಕಲಶಕ್ಕೆ ಒಯ್ಯುತ್ತಾರೆ. ತೂತುಕಾಸು ಮಾತ್ರ ಮಕ್ಕಳಿಗೆ, ಉಡಿದಾರಕ್ಕೆ ಪೋಣಿಸಲು.

ಅದರಲ್ಲೂ ಒಂದು ಪದ್ಧತಿಯಿದೆ. ಮಗು ಓಡಾಡುವಂತಾದ ಮೇಲೆ ತಾಯಿ ಆ ಕಾಸನ್ನು ತಂದು ಸಾಬರಿಗೇ ಒಪ್ಪಿಸುತ್ತಾಳೆ. ಹಾಗೆ ಬಂದದ್ದು ಬದುಕಿದ ಮನೆಯ ಕಾಸು. ಮಕ್ಕಳನ್ನು ಕಳೆದುಕೊಂಡವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಸಾಬರು ಅದನ್ನು ಬೇರೆ ಇಡುತ್ತಾರೆ, ನಶ್ಯದ ಡಬ್ಬಿಯಲ್ಲಿ. ಕೆಲವರು ತಿರುಗಿ ಬರುವುದೇ ಇಲ್ಲ.

"ಬರ್ದೇ ಇದ್ದೋರ್ನ ಕೇಳ್ಬಾರ್ದು ಕಣ್ರೀ," ಎನ್ನುತ್ತಾರೆ ಸಾಬರು. "ಕೇಳಿದ್ರೆ ಅಳ್ತಾರೆ."

ಈರಕ್ಕ ಎರಡು ಕೂಸುಗಳನ್ನು ತೊಟ್ಟಿಲಲ್ಲೇ ಕಳೆದುಕೊಂಡವಳು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಬಂದು, ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ಕಾಸನ್ನು ತನಗೇ ಇಡಬೇಕೆಂದು ಮಾತು ತೆಗೆದುಕೊಂಡು ಹೋಗಿದ್ದಳು. ಅಷ್ಟರಲ್ಲಿ ಸಾಬರ ಮನೆಗೆ ಹೊಸ ಸೊಸೆ ಬಂದಳು, ಜಹೀರುನ್ನೀಸಾ. ಕಲಾಯಿಯವರ ಮನೆ ಅಂದಮೇಲೆ ಎಲ್ಲವೂ ಹೊಳೆಯಬೇಕೆಂದುಕೊಂಡಳೋ ಏನೋ, ಪಾಪ, ಡಬ್ಬಿಯ ಕಾಸನ್ನೂ ಚೀಲದ ತೂತುಕಾಸನ್ನೂ ಒಂದೇ ಬೋಗುಣಿಗೆ ಸುರಿದು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಳು. ಎಲ್ಲವೂ ಫಳಫಳ! ಯಾವುದು ಬದುಕಿದ ಮನೆಯದು, ಯಾವುದು ಬರಿಯ ಹಳೆಯದು, ಹೇಳುವವರಾರು?

ಯಾವುದೋ ಒಂದನ್ನು ಎತ್ತಿ ಕೊಟ್ಟಿದ್ದರೆ ಈರಕ್ಕನಿಗೆ ತಿಳಿಯುತ್ತಿರಲಿಲ್ಲ. ಸಾಬರಿಗೆ ಮನಸ್ಸು ಒಪ್ಪಲಿಲ್ಲ. ಬಾಣಂತಿ ಬಂದಾಗ ನಡೆದದ್ದನ್ನು ನಡೆದಂತೆ ಹೇಳಿದರು. ಈರಕ್ಕ ಬಹಳ ಹೊತ್ತು ಆ ರಾಶಿಯನ್ನೇ ನೋಡಿದಳಂತೆ.

"ಎಲ್ಲಾನೂ ಕೊಟ್ಬಿಡು ಸಾಬಣ್ಣ. ಇದ್ರಾಗೆ ಅದೂ ಇರ್ತದಲ್ಲ."

ಹಿಡಿ ತುಂಬ ಕಾಸನ್ನು ದಾರಕ್ಕೆ ಪೋಣಿಸಿ ಕೊಟ್ಟ ಸಾಬರು ಒಂದರ ಬೆಲೆ ಮಾತ್ರ ತೆಗೆದುಕೊಂಡರು. ಅಲ್ಲಿಂದಾಚೆಗೆ ಜಹೀರುನ್ನೀಸಾ ಪ್ರತಿ ಅಜ್ಜಂಪುರದ ಸಂತೆಯ ಸಂಜೆ ಬಾಗಿಲಲ್ಲಿ ನಿಂತಿರುತ್ತಾಳೆ. ಬಾಯಿಬಿಟ್ಟು ಕೇಳುವುದಿಲ್ಲ, ಮಾವನ ಮುಖ ನೋಡಿ ಒಳಗೆ ಹೋಗುತ್ತಾಳೆ. ಆ ಮಗುವಿಗೇನಾದರೂ ಆಗಿದ್ದರೆ ತನ್ನಿಂದಲೇ ಆಯಿತೆಂಬ ಅಂಜಿಕೆ ಅವಳದು. ಸಾಬರಿಗೂ ಅದೇ ಅಂಜಿಕೆ.

ಬಿಸಿಲೇರುತ್ತಿದೆ. ಬುಕ್ಕಾಂಬುಧಿಯ ಬಸ್ಸು ಬಂದು ನಿಂತು ಜನ ಇಳಿಯುತ್ತಾರೆ. ಸಾಬರು ನೋಡಿ, ತಲೆ ತಗ್ಗಿಸಿ, ಸುಮ್ಮನೆ ಕಾಸು ಸರಿಸುತ್ತಾರೆ. ಆಗ ಗೋಣಿತಾಟಿನ ಅಂಚಿಗೆ ಎರಡು ಪುಟ್ಟ ಬರಿಗಾಲು ಬಂದು ನಿಲ್ಲುತ್ತವೆ. ಸೊಂಟದಲ್ಲಿ ಝಣಝಣ.

"ನಡ್ಯೋದೇ ತಡ ಮಾಡ್ದ ಕಣಣ್ಣ, ಸೋಮಾರಿ," ಎನ್ನುತ್ತಾಳೆ ಹಿಂದೆಯೇ ಬಂದ ಈರಕ್ಕ. "ಈಗ ಹಿಡ್ಯಕ್ಕೇ ಆಗಲ್ಲ."

ಸಾಬರು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡು ಉಡಿದಾರ ಬಿಚ್ಚುತ್ತಾರೆ. ಮಗುವಿನ ಬೆವರಿಗೂ ಹರಳೆಣ್ಣೆಗೂ ಹೊಳಪೆಲ್ಲ ಹೋಗಿ ಕಾಸುಗಳು ಮೊದಲಿನಂತೆ ಕಪ್ಪಿಟ್ಟಿವೆ. ಈರಕ್ಕ ಎಲೆ ಅಡಿಕೆ, ಬೆಲ್ಲ ಇಟ್ಟು ಅಷ್ಟನ್ನೂ ಒಪ್ಪಿಸುತ್ತಾಳೆ. ನಶ್ಯದ ಡಬ್ಬಿಗೆ ಅವು ಹಿಡಿಸುವುದಿಲ್ಲ. ಸಾಬರು ವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗಿಳಿಸಿ, ಇನ್ನೂ ಅರ್ಧ ಸಂತೆ ಉಳಿದಿರುವಾಗಲೇ ಗೋಣಿತಾಟು ಮಡಚುತ್ತಾರೆ. ವ್ಯಾಪಾರ ಬಿಟ್ಟು ಎಲ್ಲಿಗೆ ಎಂದರೆ ತರೀಕೆರೆಯ ಬಸ್ಸಿನತ್ತ ಕೈ ತೋರಿಸುತ್ತಾರೆ.

"ಹುಡುಗಿ ಬಾಗ್ಲಲ್ಲಿ ನಿಂತಿರ್ತಾಳೆ. ಬೇಗ ಹೋಗಿ ಹೇಳ್ಬೇಕು. ನೀನೇನೂ ಕೆಡಿಸ್ಲಿಲ್ಲ ತಾಯಿ, ಒಂದಿದ್ದಿದ್ದನ್ನ ಹಿಡಿ ತುಂಬ ಮಾಡ್ದೆ ಅಂತ."